ರಿಪೇರಿ ಮೀಮಾಂಸೆ

ಮನೆ ಎಂಬ ಪದಾರ್ಥದ ಲಕ್ಷಣವನ್ನು ಶಾಸ್ತ್ರಕಾರರು ಹಲವು ಬಗೆಯಲ್ಲಿ ಹೇಳಿರಬಹುದು. ಅಕ್ಕಲಕೋಟೆಯ ನಮ್ಮ ಮನೆತನದ ಮಟ್ಟಿಗೆ ನಿಲ್ಲುವ ಲಕ್ಷಣ ಒಂದೇ: ಯಾವುದರ ಅಂಗಳದಲ್ಲಿ ಸದಾ ಒಂದು ಉಸುಕಿನ ಗುಂಪಿ ಇರುತ್ತದೆಯೋ ಅದು ಮನೆ. ಇದಕ್ಕೆ ಅತಿವ್ಯಾಪ್ತಿ ದೋಷವಿದೆ. ಎದುರುಮನೆಯ ಉಸುಕನ್ನೂ ನಮ್ಮ ಬೆಕ್ಕು ತನ್ನದೆಂದೇ ತಿಳಿದು ಬಳಸುತ್ತಿದೆ. ಆದರೆ ಬೆಕ್ಕು ಈ ಶಾಸ್ತ್ರಕ್ಕೆ ಅಧಿಕಾರಿಯಲ್ಲವಾದ್ದರಿಂದ ದೋಷವನ್ನು ಇಲ್ಲಿಗೇ ಬಿಡಲಾಗಿದೆ.

ಪೂರ್ವಸೂರಿಗಳನ್ನು ನೆನೆಯದೆ ಮುಂದೆ ಹೋಗಬಾರದು. ಈ ಸೀಮೆಯ ಹೆಸರಾಂತ ಕಾಮಗಾರಿ ಎಂದರೆ 12ನೆಯ ಶತಮಾನದಲ್ಲಿ ಸಿದ್ಧರಾಮ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕಟ್ಟಿಸಿದ ಕೆರೆ. ಅಲ್ಲಮಪ್ರಭು ಅಲ್ಲಿಗೆ ಬಂದು ‘ಒಡ್ಡರಾಮ’ ಎಂದು ಕರೆದನೆಂದೂ ಕೆಲಸದವರು ಸಿಟ್ಟಾಗಿ ಅವನ ಮೇಲೆ ಕಲ್ಲು ಬೀಸಿದರೆಂದೂ ಶೂನ್ಯಸಂಪಾದನೆ ಹೇಳುತ್ತದೆ. ವಿದ್ವಾಂಸರು ಇದರಲ್ಲಿ ಕರ್ಮ, ಜ್ಞಾನಗಳ ಸಂವಾದ ಕಂಡಿದ್ದಾರೆ. ನಮ್ಮ ಗೌಂಡಿ ಕಂಡದ್ದು, ಕೆಲಸ ನಡೆದಲ್ಲಿ ಬಂದು ಹೆಸರಿಡುವವರ ಗತಿಯನ್ನು. ಅಪ್ಪ ಒಮ್ಮೆ ಕೈ ಹಿಂದೆ ಕಟ್ಟಿ ನಿಂತು, “ಯಾಕ ಗೌಂಡಿ, ಗ್ವಾಡಿ ಸೊಟ್ಟ ಕಾಣ್ತದಲ್ಲ?” ಅಂದರು. ಅವನು ಓಳಂಬ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿ, “ಗ್ವಾಡಿ ನೆಟ್ಟಗ ಅದರಿ ಮಾಲಕ್ರ. ಮನೀನ ಸೊಟ್ಟ ಅದ” ಅಂದ. ಕಲ್ಲು ಬೀಸಲಿಲ್ಲ. ಅಷ್ಟರಮಟ್ಟಿಗೆ ನಾಗರಿಕತೆ ಮುಂದುವರಿದಿದೆ.

ಮೂಲಗ್ರಂಥವೆನ್ನಬಹುದಾದ ಹಳೆಯ ಮನೆ ಮಾಳಿಗೆಯದು. ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚಕ್ಕೆ, ಹುಳ ಹತ್ತಬಾರದೆಂದು ಬೇವಿನ ತಪ್ಪಲು, ಅದರ ಮೇಲೆ ಕರಲು ಮಣ್ಣು. ಕರಲೇ ಏಕೆ? ಅದರಲ್ಲಿರುವ ಸೋಡಿಯಂ ನೀರು ತಾಗಿದೊಡನೆ ಜೇಡಿಯ ಕಣಗಳನ್ನು ಬಿಡಿಸುತ್ತದೆ, ಬಿಡಿಯಾದ ಕಣಗಳು ಸಂದುಗೊಂದಿಗೆ ಇಳಿದು ನೀರಿನ ದಾರಿ ಮುಚ್ಚುತ್ತವೆ. ಉಪ್ಪಿಗೆ ಹುಲ್ಲೂ ಹುಟ್ಟದು. ಅಜ್ಜನಿಗೆ ಸೋಡಿಯಂ ಗೊತ್ತಿರಲಿಲ್ಲ, ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿ ಗಾಡಿ ಹೇರಿಸುತ್ತಿದ್ದ. ಪ್ರತಿ ಬೇಸಿಗೆಯ ಕೊನೆಗೆ ಎರಡು ಬೆರಳು ಹೊಸ ಮಣ್ಣು ಬೀಳುತ್ತಿತ್ತು. “ಈ ವರ್ಷ ಸೋರಂಗಿಲ್ಲ” ಎಂಬ ಮಾತೂ ಬೀಳುತ್ತಿತ್ತು.

ಸೋರುತ್ತಿತ್ತು. ಮಣ್ಣಿನಲ್ಲಲ್ಲ, ಪಡಸಾಲೆಯ ಬೆಳಕಿಂಡಿಯ ಅಂಚಿನಲ್ಲಿ. ಇಲ್ಲಿ ಪ್ರಮಾಣವಿಚಾರ ಬರುತ್ತದೆ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣ ಹೇಳುತ್ತಾರೆ. ಕಂದೀಲು ಆರಿಸಿದ ಮೇಲೆ ಪ್ರತ್ಯಕ್ಷ ಇಲ್ಲ, ನಿದ್ದೆಗಣ್ಣಲ್ಲಿ ಅನುಮಾನವೂ ಉಪಮಾನವೂ ಇಲ್ಲ. ಉಳಿಯುವುದು ಶಬ್ದ. ನಮ್ಮ ಆಯಿ ಹಾಸಿಗೆಯಲ್ಲಿ ಮಲಗಿಯೇ ಹನಿಯ ಸಪ್ಪಳ ಕೇಳಿ ತೀರ್ಪು ಕೊಡುತ್ತಿದ್ದಳು. ಟಣ್ ಅಂದರೆ ಹಿತ್ತಾಳೆಯ ಬೋಗುಣಿ ಬರಿದು, ಟಪ್ ಅಂದರೆ ಅರ್ಧ, ಪಚ್ ಅಂದರೆ, “ಏಳೋ, ಬೋಗುಣಿ ಹೊರಗ ಚಲ್ಲಿ ಬಾ.” ಎದ್ದು ನೋಡಿದವರಿಗೆ ತೀರ್ಪು ತಪ್ಪಿದ್ದು ಕಂಡಿಲ್ಲ. ಶಿಶುನಾಳ ಶರೀಫರ ಮಾಳಿಗೆಯ ಹಾಡು ದೇಹತತ್ತ್ವದ್ದೆಂದು ಪಂಡಿತರ ಅಭಿಪ್ರಾಯ. ಅದು ಮಾಳಿಗೆಯದೇ ಎಂಬುದು ಆಯಿಯ ಪಕ್ಷ.

1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದ ವಿಷಯದಲ್ಲಿ ಅಣಕ ಸಲ್ಲದು. ಗಣಪತಿ ಕಳಿಸಿ ಮಲಗಿದ ಊರುಗಳು ಕಿಲ್ಲಾರಿಯ ಸುತ್ತ ನೆಲಸಮವಾದವು. ಮಣ್ಣಲ್ಲಿ ಕಟ್ಟಿದ ಕಲ್ಲುಗೋಡೆ, ವರ್ಷವರ್ಷ ಹೇರಿದ ಮಣ್ಣಿನ ಭಾರದ ಮಾಳಿಗೆ, ಇವೇ ಸಾವಿರಾರು ಜನರ ಮೇಲೆ ಕುಸಿದವು. ನಮ್ಮಲ್ಲಿ ಜಂತಿಗಳಿಂದ ಮಣ್ಣು ಉದುರಿತು, ಅಷ್ಟೇ. ಆದರೆ ದೀಪಾವಳಿಯವರೆಗೂ ಯಾರೂ ಒಳಗೆ ಮಲಗಲಿಲ್ಲ. ಅಜ್ಜ ಅಂಗಳದ ಹೊರಸಿನಿಂದಲೇ ಮಾಳಿಗೆಯನ್ನು ದಿನಾ ನೋಡುತ್ತಿದ್ದ. ಒಂದು ಮುಂಜಾನೆ ಬುಟ್ಟಿಗೆ ಇಷ್ಟೆಂದು ಮಾತಾಡಿ, ಮೂರು ತಲೆಮಾರಿನ ಮಣ್ಣನ್ನೆಲ್ಲ ಇಳಿಸಿ ಹಿತ್ತಲಿಗೆ ಹಾಕಿಸಿದ. ಅಲ್ಲಿ ಅದೊಂದು ದಿಬ್ಬವಾಗಿ ಉಳಿಯಿತು. ಅವ್ವ ಅದರ ಮೇಲೆ ಕುಂಬಳ ಹಾಕಿ ನೋಡಿದಳು, ಕರಿಬೇವು ಹಾಕಿ ನೋಡಿದಳು. ಕರಲು ಯಾವುದಕ್ಕೂ ಒಪ್ಪಲಿಲ್ಲ.

ಬಳಿಕ ಪತ್ರಾಯುಗ. ತಗಡು ಹಗುರ, ಬಿದ್ದರೂ ಬದುಕುತ್ತೇವೆ ಎಂಬುದು ಅಜ್ಜನ ವಾದ. ಮೇ ತಿಂಗಳಲ್ಲಿ 43 ಡಿಗ್ರಿಗೆ ಅದರ ಕೆಳಗೆ ಕೂತವರು ಎರಡನೆಯ ಭಾಗವನ್ನು ಅಲ್ಲಗಳೆದರು. ಶಾಸ್ತ್ರಕ್ಕಾದ ಹಾನಿ ಇನ್ನೂ ದೊಡ್ಡದು. ತಗಡಿನ ಮೇಲೆ ಮಳೆ ಹೊಡೆಯಲು ಶುರುವಾದರೆ ಬೋಗುಣಿಯ ಹನಿ ಯಾರಿಗೆ ಕೇಳಬೇಕು? ಶಬ್ದಪ್ರಮಾಣ ಅಲ್ಲಿಗೆ ಬಿತ್ತು. ಆಯಿ ಆಮೇಲೆ ಮನೆಯ ಸೋರಿಕೆಯ ಬಗ್ಗೆ ಮಾತೇ ಆಡಲಿಲ್ಲ.

ಸೊಲ್ಲಾಪುರದ ಕಾಕಾನ ಮನೆ ಈ ಮೀಮಾಂಸೆಯ ಜಲಕಾಂಡ. ಅಲ್ಲಿ ನಳ ನಾಲ್ಕೈದು ದಿನಕ್ಕೊಮ್ಮೆ ಬರುತ್ತದೆ. ನೀರು ನೂರು ಕಿಲೋಮೀಟರಿನಾಚೆ ಭೀಮೆಯ ಉಜನಿ ಅಣೆಕಟ್ಟಿನಿಂದ ಬರಬೇಕು. ಹೀಗಾಗಿ ಹೌದಿಗೆ ಹೋಗುವ ಪೈಪು ಸೋರುವುದೂ ನಾಲ್ಕೈದು ದಿನಕ್ಕೊಮ್ಮೆ. ಪ್ಲಂಬರ್ ಬಂದ ದಿನ ನೀರಿಲ್ಲ, ನೀರು ಬಂದ ದಿನ ಪ್ಲಂಬರ್ ಇಲ್ಲ. ಒಣಗಿದ ಪೈಪು ನೋಡಿ ಅವನು, “ಎಲ್ಲಿ ಸೋರ್ತದ್ರಿ?” ಅಂದಾಗ ಕಾಕಾ ರೋಗಿಯ ಕಡೆಯವನಂತೆ ಲಕ್ಷಣಗಳನ್ನು ಬಾಯಲ್ಲೇ ವರ್ಣಿಸಬೇಕು.

ಅದೇ ಮನೆಯಲ್ಲಿ ಭಾಷಾಶಾಸ್ತ್ರಕ್ಕೂ ಒಂದು ದೃಷ್ಟಾಂತ ಸಿಕ್ಕಿತು. ಮಾಳಿಗೆಯ ಟಾಕಿಗೆ ಹೊಸ ಕಟ್ಟೆ ಕಟ್ಟಬೇಕಿತ್ತು. ಕೆಳಗಿನಿಂದ ಮರಾಠಿ ಮಿಸ್ತ್ರಿ “ಟಾಕಿ ಖಾಲಿ ಘ್ಯಾ!” ಎಂದು ಕೂಗಿದ. ಮೇಲಿದ್ದವನು ಧಾರವಾಡದ ಹೊಸ ಅಳಿಯ. ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ, ಟಾಕಿಯನ್ನು ಇಳಿಸಿರಿ ಎಂದು ಅರ್ಥ. ಅಳಿಯ ಕನ್ನಡದ ಖಾಲಿಯನ್ನು ನಂಬಿ ಕಾಕ್ ತಿರುಗಿಸಿದ. ಹಿಂದಿನ ದಿನವಷ್ಟೇ ತುಂಬಿದ ನೀರು ಗಟಾರು ಸೇರಿತು. ಅಳಿಯನಿಗೆ ಏನೂ ಅನ್ನುವಂತಿಲ್ಲ. ಕಾಕಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅಕ್ಕಲಕೋಟೆ ತಾಲೂಕು ಕರ್ನಾಟಕಕ್ಕೆ ಸೇರಲಿ ಎಂದಿದ್ದ 1967ರ ಮಹಾಜನ ವರದಿ ಜಾರಿಯಾಗಿ, ಗಡಿ ಇನ್ನಷ್ಟು ಹತ್ತಿರ ಸರಿದಿದ್ದರೆ ಆ ನೀರು ಉಳಿಯುತ್ತಿತ್ತೇ ಎಂಬುದು ಬೇರೆ ಸಂಶೋಧಕರಿಗೆ ಬಿಟ್ಟದ್ದು.

ಸುಣ್ಣಬಣ್ಣಕ್ಕೆ ಕಾಲನಿಯಮ ಗಟ್ಟಿಯಾಗಿದೆ. ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ಸಿದ್ಧೇಶ್ವರನ ಗಡ್ಡಾ ಜಾತ್ರೆ. ಏಳು ನಂದಿಧ್ವಜ ನೋಡಿದ ಬೀಗರು ಮರುದಿನ ಸ್ವಾಮಿ ಸಮರ್ಥರ ದರ್ಶನಕ್ಕೆಂದು ಅಕ್ಕಲಕೋಟೆಗೆ, ಅಂದರೆ ನಮ್ಮ ಮನೆಗೆ, ಬರುತ್ತಾರೆ. ಕದದ ಹಿಂದೆ ಅಂಗೈಯಗಲ ಪೊರೆ ಎದ್ದ ಜಾಗದಲ್ಲಿ ಈ ದರ್ಶನಗಳ ಇತಿಹಾಸವೆಲ್ಲ ಕಾಣುತ್ತದೆ: ಮೇಲೆ ಗುಲಾಬಿ ಪ್ಲಾಸ್ಟಿಕ್ ಪೇಂಟ್, ಕೆಳಗೆ ದೊಡ್ಡಕ್ಕನ ಮದುವೆಯ ಹಸಿರು ಡಿಸ್ಟೆಂಪರ್, ಅದರ ಕೆಳಗೆ ಅತ್ತಿಯ ಮದುವೆಯ ನೀಲಿ ಸುಣ್ಣ, ತಳದಲ್ಲಿ ಸೆಗಣಿಯ ಸಾರಣೆ, ಸಾರಣೆಯಲ್ಲಿ ಆಯಿಯ ನಾಲ್ಕು ಬೆರಳಿನ ಗುರುತು. ಅವ್ವ ಆ ಜಾಗವನ್ನು ಮಾತ್ರ ಯಾರಿಗೂ ಬಳಿಯಗೊಟ್ಟಿಲ್ಲ.

ಕೊನೆಗೆ ಕಾಲಮ್ ಎಬ್ಬಿಸಿ ಸ್ಲ್ಯಾಬ್ ಹಾಕಿದೆವು. ಬೆಳಕಿಂಡಿ ಇಲ್ಲದೆ ಪಡಸಾಲೆ ಪಡಸಾಲೆಯೇ ಅಲ್ಲವೆಂದು ಅವ್ವ ಹಟ ಹಿಡಿದು ಹಳೆಯ ಜಾಗದಲ್ಲೇ ಕಿಂಡಿ ಬಿಡಿಸಿ ಗಾಜು ಕೂರಿಸಿದಳು. ಮೊದಲ ಮಳೆಗೇ ಬೋಗುಣಿ ಅಟ್ಟದಿಂದ ಇಳಿದು ತನ್ನ ಜಾಗಕ್ಕೆ ಬಂತು.

ಮೊನ್ನೆ ಗೌಂಡಿಯ ಮಗ ಬಂದಿದ್ದ. ಮಾಳಿಗೆ ಹತ್ತಿ, ಸ್ಲ್ಯಾಬನ್ನು ಥಾಪಿಯ ಹಿಡಿಯಿಂದ ಕುಟ್ಟಿ ಕೇಳಿ, ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಅಂಗೈ ಇಟ್ಟು ಥಟ್ಟನೆ ತೆಗೆದ.

“ಕಾಕಾ, ಇದರ ಮ್ಯಾಲ ಗೇಣುದ್ದ ಕರಲು ಮಣ್ಣ ಹಾಕಿದ್ರ ಸೋರೂದೂ ನಿಲ್ತದ, ತಂಪೂ ಇರ್ತದ.”

“ಕರಲು ಈಗ ಎಲ್ಲಿ ಸಿಗ್ತದಪಾ?” ಅಂದರು ಅಪ್ಪ.

ಅವನು ಹಿತ್ತಲಿನ ಬೋಳು ದಿಬ್ಬದ ಕಡೆ ಬೆರಳು ತೋರಿಸಿದ. ಅಪ್ಪ ಬಹಳ ಹೊತ್ತು ನೋಡಿದರು. ಆಮೇಲೆ ಕೈ ಹಿಂದೆ ಕಟ್ಟಿಕೊಂಡು ಕೇಳಿದರು:

“ಬುಟ್ಟಿಗೆ ಎಷ್ಟು?”