ಸದ್ದಿದ್ದರೆ ಸುಖ

ಹಾಡು ಬಾರದವನೂ ಹಾಡಲೇಬೇಕಾದ ಜಾಗವೊಂದಿದೆ, ಅದು ಮೋಟಾರ್ ಗ್ಯಾರೇಜು. ಇಂಜಿನ್ ಸದ್ದು ಮಾಡುತ್ತಿದೆ ಎಂದರೆ ಮೇಸ್ತ್ರಿ ಮೊದಲು ಕೇಳುವುದು, "ಹೆಂಗೆ ಸದ್ದು ಬರುತ್ತೆ ಸಾರ್?" ಅಂತ. ಆಗ ತಲೆ ನರೆತ ಗೃಹಸ್ಥನೊಬ್ಬ ನಾಲ್ಕು ಜನರೆದುರು ನಿಂತು "ಕಿಟಿಕಿಟಿಕಿಟಿ" ಅನ್ನಬೇಕು. "ಕಿಟಿಕಿಟೀನೋ, ಟಕಟಕಾನೋ?" ಇನ್ನೊಂದು ಆವರ್ತ ಹಾಡಬೇಕು. "ಒಳಗಿಂದ ಗುದ್ದಿದ ಹಾಗೆ ಗುಡುಗುಡು ಅನ್ನಲ್ವಾ?" ಈಗ ಮಂದ್ರಕ್ಕಿಳಿಯಬೇಕು. ಪಂಕ್ಚರ್ ಹಾಕಿಸಲು ಬಂದ ಹುಡುಗರು ಅಷ್ಟರಲ್ಲಿ ಮೊಬೈಲ್ ಹೊರತೆಗೆದಿರುತ್ತಾರೆ.

ಇಷ್ಟಾಗಿ ಕಾರನ್ನು ಸ್ಟಾರ್ಟ್ ಮಾಡಿದರೆ ಅದು ಮದುವೆಗೆ ನೋಡಲು ಬಂದವರ ಮುಂದೆ ಕೂತ ಹುಡುಗಿಯಷ್ಟು ಸೌಮ್ಯ. ಮನೆಯಿಂದ ಗ್ಯಾರೇಜಿನ ಗೇಟಿನವರೆಗೆ ಕಿರುಚಿಕೊಂಡೇ ಬಂದದ್ದು ಬಾನೆಟ್ ಎತ್ತಿದ ಕೂಡಲೇ ತೆಪ್ಪಗೆ. ಮೇಸ್ತ್ರಿ ಒಮ್ಮೆ ಇಂಜಿನ್ನನ್ನು, ಒಮ್ಮೆ ನಮ್ಮನ್ನು ನೋಡುತ್ತಾರೆ. ರಿಪೇರಿ ಯಾರಿಗೆ ಬೇಕು ಎಂಬ ಅನುಮಾನ ಆ ನೋಟದಲ್ಲಿರುತ್ತದೆ.

ನಮ್ಮ ಹಳೆಯ ಕಾರ್ಬ್ಯುರೇಟರ್ ಕಾರಿನ ಸದ್ದು ಎದ್ದದ್ದು ಆಗುಂಬೆ ಘಾಟಿಯಲ್ಲಿ. ಉಡುಪಿಯಲ್ಲಿ ಮದುವೆ ಮುಗಿಸಿ ಶಿವಮೊಗ್ಗಕ್ಕೆ ಹೊರಟಿದ್ದೆವು. ಒಳಗೆ ಅಮ್ಮ, ಅಕ್ಕ, ಭಾವ, ನನ್ನವಳು, ನಾನು. ಡಿಕ್ಕಿಯಲ್ಲಿ ಬೀಗರು ಕಟ್ಟಿಕೊಟ್ಟ ಮಟ್ಟುಗುಳ್ಳದ ಚೀಲ. ಸ್ಟೇರಿಂಗ್ ಹಿಡಿದವರು ಭಾವ. ಗೇರ್ ಇಳಿಸುವುದೆಂದರೆ ಗಂಡಸ್ತನಕ್ಕೇ ಕುಂದು ಎಂದು ನಂಬಿರುವ ಪೈಕಿ ಅವರು. ಸೋಮೇಶ್ವರ ದಾಟಿ 14 ತಿರುವುಗಳ ಏರು ಶುರುವಾದರೂ ಥರ್ಡ್ ಗೇರ್ ಬಿಡಲೊಲ್ಲರು. ನಾಲ್ಕನೆಯ ತಿರುವಿಗೆ ಇಂಜಿನ್ "ಕಿಟಿಕಿಟಿ" ಎಂದಿತು. ಭಾವ ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿದರು. ಅದು ಇನ್ನಷ್ಟು ಕಿಟಿಗುಟ್ಟಿತು. ಮೇಲೆ ಬಂದು ಕಾಫಿಗೆ ನಿಲ್ಲಿಸಿದಾಗ ಅದು ನಿಂತಿತು, ಆದರೆ ಬೇರೊಂದು ಕೇಳಿಸಿತು: ಟಕ್, ಟಕ್, ಟಕ್.

"ಇಂಜಿನ್ ಬೋರಿಗೆ ಬಂದಿದೆ," ಎಂದು ಭಾವ ಸ್ಥಳದಲ್ಲೇ ತೀರ್ಪಿತ್ತರು. "ಇಂಜಿನ್ ಇಳಿಸ್ಬೇಕು. ಇಲ್ಲಾಂದ್ರೆ ಬಂದಷ್ಟಕ್ಕೆ ಕೊಟ್ಟುಬಿಡು. ನನ್ನ ಫ್ರೆಂಡಿಂದು ಒಂದು ಕಾರಿದೆ, ಸದ್ದೇ ಇಲ್ಲ." ಅಲ್ಲಿಂದ ಶಿವಮೊಗ್ಗದವರೆಗೂ ಅದೇ ಮಾತು. ಅವರು ಆಮೇಲೆ ಮಾಡಿದ ಫೋನುಗಳಲ್ಲೂ ಅದೇ ಮಾತು. ಬಿಗ್ ಎಂಡ್, ಪಿಸ್ಟನ್, ಟೈಮಿಂಗ್ ಚೈನ್ ಹೀಗೆ ರೋಗದ ಹೆಸರು ಬದಲಾಗುತ್ತಿತ್ತು. ಔಷಧ ಮಾತ್ರ ಫ್ರೆಂಡಿನ ಕಾರೇ.

ಕೊನೆಗೆ ಹಿಡಿದ ಮೇಸ್ತ್ರಿ ಹಳೇ ಕಾಲದವರು. ಅವರು ನನ್ನಿಂದ ಹಾಡಿಸಲಿಲ್ಲ. ಯಾವಾಗ ಎಂದಷ್ಟೇ ಕೇಳಿದರು. "ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಏರಲ್ಲೋ, ನಿಂತಾಗಲೋ? ರೇಸ್ ಕೊಟ್ಟರೆ ಹೆಚ್ಚಾಗುತ್ತಾ?" ಆಮೇಲೆ ಮಾರುದ್ದದ ಸ್ಕ್ರೂಡ್ರೈವರ್ ತೆಗೆದು ಅದರ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಊರಿ, ಹಿಡಿಗೆ ಕಿವಿ ಕೊಟ್ಟು ಕಣ್ಣು ಮುಚ್ಚಿದರು. ತುದಿ ಇಂಚಿಂಚೇ ಸರಿಯಿತು. ಕೈ ತೋರಿಸಿದ ಕೂಡಲೇ ಹುಡುಗ ಒಂದೊಂದೇ ಪ್ಲಗ್ ವೈರನ್ನು ಕಿತ್ತು ಮತ್ತೆ ಸಿಕ್ಕಿಸಿದ. ಬೇರಿಂಗ್ ಸವೆದಿದ್ದರೆ ಆ ಸಿಲಿಂಡರಿನ ಕಿಡಿ ನಿಲ್ಲಿಸಿದಾಗ ಪಿಸ್ಟನ್ನಿನ ಮೇಲಿನ ಹೊಡೆತ ತಗ್ಗಿ ಗುದ್ದೂ ತಗ್ಗಬೇಕು. ಯಾವ ವೈರಿಗೂ ಸದ್ದು ಕ್ಯಾರೇ ಅನ್ನಲಿಲ್ಲ. "ಬೇರಿಂಗ್ ಕಲ್ಲಿನ ಹಾಗಿದೆ. ಯಾರು ಸಾರ್ ಇಳಿಸ್ಬೇಕು ಅಂದಿದ್ದು?" ನಾನು ಮನೆತನದ ಮಾನಕ್ಕಾಗಿ ಸುಮ್ಮನಿದ್ದೆ.

ಸದ್ದು ಎರಡು, ಕಾರಣವೂ ಎರಡು. ಏರಿನ ಕಿಟಿಕಿಟಿ ಅಂದರೆ ನಾಕಿಂಗ್. ಪ್ಲಗ್ಗು ಹಚ್ಚಿದ ಬೆಂಕಿ ಸಿಲಿಂಡರಿನ ಒಂದು ಕಡೆಯಿಂದ ಹರಡಿಕೊಂಡು ಹೋಗಬೇಕು. ಟೈಮಿಂಗ್ ಮುಂದಾಗಿದ್ದರೆ, ಅಥವಾ ಏರಿನಲ್ಲಿ ದೊಡ್ಡ ಗೇರಿನಲ್ಲಿ ಏದುಸಿರು ಬಿಡಿಸಿದರೆ, ಮೂಲೆಯಲ್ಲುಳಿದ ಗಾಳಿ ಪೆಟ್ರೋಲು ಒತ್ತಡಕ್ಕೂ ಕಾವಿಗೂ ತಾನಾಗಿಯೇ ಸಿಡಿಯುತ್ತದೆ. ಆ ಸಿಡಿತಕ್ಕೆ ಲೋಹ ಅದುರುವ ಸದ್ದೇ ಅದು. ಈಗಿನ ಕಾರುಗಳಲ್ಲಿ ಅದನ್ನು ಆಲಿಸಲೆಂದೇ ಇಂಜಿನ್ನಿಗೆ ಬಿಗಿದ ಸೆನ್ಸರ್ ಇರುತ್ತದೆ. ಕೇಳಿದ ಕ್ಷಣವೇ ಕಂಪ್ಯೂಟರ್ ಕಿಡಿಯನ್ನು ತಡಮಾಡುತ್ತದೆ. ನಮ್ಮದಕ್ಕೆ ಮೇಸ್ತ್ರಿಯೇ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ, "ಘಾಟಿಯಲ್ಲಿ ಗೇರ್ ಇಳಿಸೋಕೆ ಹೇಳಿ," ಎಂದರು.

ಈ ಕಿಟಿಕಿಟಿಯ ಬಾಯಿ ಮುಚ್ಚಿಸಲು ಹೋದವರ ಕಥೆ ಇನ್ನೂ ದೊಡ್ಡದು. ಅಮೆರಿಕದ ಡೇಟನ್ನಿನಲ್ಲಿ ಜನರಲ್ ಮೋಟಾರ್ಸ್‌ನ ಥಾಮಸ್ ಮಿಡ್ಗ್ಲೆ ಎಂಬ ಇಂಜಿನಿಯರು ಸಿಕ್ಕಸಿಕ್ಕ ರಾಸಾಯನಿಕಗಳನ್ನೆಲ್ಲ ಪ್ರಯೋಗಿಸಿ ನೋಡಿ, 1921ರ ಡಿಸೆಂಬರಿನಲ್ಲಿ ಸೀಸದ ಸಂಯುಕ್ತವೊಂದನ್ನು ಪೆಟ್ರೋಲಿಗೆ ಬೆರೆಸಿದರು. ಇಂಜಿನ್ ಗಪ್‌ಚಿಪ್. ಆದರೆ ಆ ಸೀಸ ಹೊಗೆಯಾಗಿ ಊರೂರಿನ ಮಕ್ಕಳ ರಕ್ತಕ್ಕೆ ಸೇರಿತು. ಮಿಡ್ಗ್ಲೆಯವರಿಗೇ ನಂಜೇರಿ 1923ರಲ್ಲಿ ರಜೆ ಹಾಕಿ ಸುಧಾರಿಸಿಕೊಳ್ಳಬೇಕಾಯಿತು. ನಮ್ಮ ದೇಶದ ಬಂಕುಗಳಿಂದ ಸೀಸ ತೊಲಗಿದ್ದು 2000ದ ಫೆಬ್ರವರಿಯಲ್ಲಿ. ಎಲ್ಲರಿಗಿಂತ ಕೊನೆಗೆ, 2021ರಲ್ಲಿ, ಅಲ್ಜೀರಿಯಾ ಅದನ್ನು ಕೈಬಿಟ್ಟಿತು. ಒಂದು ಸದ್ದು ಅಡಗಿಸಿದ್ದಕ್ಕೆ ಲೋಕ ನೂರು ವರ್ಷ ದಂಡ ತೆತ್ತಿತು.

ಉಳಿದದ್ದು ನಿಂತಾಗಿನ ಟಕಟಕ. "ಅದು ಟ್ಯಾಪೆಟ್," ಎಂದರು ಮೇಸ್ತ್ರಿ. ಮುಚ್ಚಳ ಬಿಚ್ಚಿ, ಎಲೆಯಷ್ಟು ತೆಳ್ಳನೆಯ ಫೀಲರ್ ಗೇಜನ್ನು ವಾಲ್ವಿನ ತಲೆಯ ಸಂದಿನಲ್ಲಿ ತೂರಿಸಿ ಎಳೆದು ನೋಡಿದರು. "ಚೂರು ಸಡಿಲ ಇದೆ, ಅಳತೆಗೆ ತರ್ತೀನಿ. ಆದ್ರೂ ಸ್ವಲ್ಪ ಸದ್ದು ಇದ್ದೇ ಇರುತ್ತೆ."

"ಪೂರ್ತಿ ನಿಲ್ಲಿಸೋಕಾಗಲ್ವಾ?"

"ಆಗುತ್ತೆ. ಟೈಟ್ ಮಾಡಿದ್ರೆ ಸದ್ದೇ ಇರಲ್ಲ. ಆಮೇಲೆ ವಾಲ್ವ್ ಸುಟ್ಟುಹೋಗುತ್ತೆ." ಬಿಸಿಯಾದಾಗ ವಾಲ್ವಿನ ಕಡ್ಡಿ ಉದ್ದವಾಗುತ್ತದಂತೆ. ಅದಕ್ಕೆ ಸಂದು ಬಿಟ್ಟಿರದಿದ್ದರೆ ವಾಲ್ವ್ ತನ್ನ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ. ಕೂತರೆ ತಾನೇ ಅದರ ಕಾವು ಇಳಿಯುವುದು? "ಸದ್ದು ಮಾಡೋ ಟ್ಯಾಪೆಟ್ಟಿಗೆ ಹೆದರಬೇಡಿ ಸಾರ್. ಸುಮ್ಮನಿರೋದಕ್ಕೆ ಹೆದರಿ."

ಬಿಲ್ಲು ನೋಡಿದರೆ, ಇಂಜಿನ್ ಇಳಿಸುವ ಖರ್ಚಿಗೆ ಹೋಲಿಸಿದಾಗ, ನಗು ಬರುವಷ್ಟು ಕಮ್ಮಿ. ಸಂಜೆ ನನ್ನವಳು ಅಕ್ಕನಿಗೆ ಫೋನು ಮಾಡಿ ಬೇರಿಂಗಿನಿಂದ ಹಿಡಿದು ಥರ್ಡ್ ಗೇರಿನವರೆಗೆ ಒಂದೂ ಬಿಡದೆ ವರದಿ ಒಪ್ಪಿಸಿದಳು. ಅತ್ತಲಿಂದ ಅಕ್ಕನ ನಗು ಹಾಲಿನವರೆಗೂ ಕೇಳಿಸಿತು.

ಕಾರು ಈಗ ಹದವಾಗಿ ಟಕಟಕ ಅನ್ನುತ್ತಿದೆ, ಅದರ ಯೋಚನೆ ನನಗಿಲ್ಲ. ಆದರೆ ಅವತ್ತಿನಿಂದ ಭಾವ ಫೋನೂ ಮಾಡಿಲ್ಲ, ಫ್ರೆಂಡಿನ ಕಾರಿನ ಮಾತೂ ಎತ್ತಿಲ್ಲ, ಎದುರು ಸಿಕ್ಕರೂ ಬರೀ "ಹ್ಞೂಂ". ಹಬ್ಬಕ್ಕೆ ಅವರು ಮನೆಗೆ ಬಂದಾಗ ನಾನೇ ಸ್ವಲ್ಪ ಸಡಿಲ ಮಾಡಬೇಕು.