ಗೀರು ಬಿದ್ದ ಗಿಟಾರು

ಹಳೇ ಸ್ಕೂಟರ್ ಮಾರುವವನು ‘ಹೆಚ್ಚು ಓಡಿಲ್ಲ’ ಅಂತಾನೆ. ಫ್ರಿಜ್ ಮಾರುವವನು ‘ಮನೇಲಿ ಇಬ್ಬರೇ ಇದ್ದದ್ದು’ ಅಂತಾನೆ. ಹಳೇ ಗಿಟಾರು ಮಾರುವವನು ಮಾತ್ರ ‘ಚೆನ್ನಾಗಿ ಬಾರಿಸಿದ್ದು ಸ್ವಾಮಿ’ ಅಂತ ಎದೆಯುಬ್ಬಿಸಿ ಹೇಳ್ತಾನೆ. ಪಕ್ಕದ ಮನೆ ಮೇಷ್ಟ್ರಿಗೆ ಅರಗದೆ ಇರುವುದು ಇದೇ. ಅಮೆರಿಕದಲ್ಲಿರುವ ಮಗ 1970ರ ದಶಕದ ಒಂದು ಗಿಟಾರಿನ ಮೇಲೆ, ಮಾರ್ಟಿನ್ ಕಂಪನಿಯ ಡಿ-28 ಮೇಲೆ, ಕಣ್ಣು ಹಾಕಿದ್ದಾನೆ. ಫೋಟೋ ಕಳಿಸಿದ್ದಾನೆ. ಮುಂದಿನ ಹಲಗೆ ಹಳದಿಗಟ್ಟಿದೆ, ಬೆನ್ನ ತುಂಬ ಯಾರದೋ ಬೆಲ್ಟಿನ ಬಕಲ್ ಕೆರೆದ ಗುರುತು, ಮೊದಲ ಫ್ರೆಟ್‌ಗಳು ತಂತಿ ಉಜ್ಜಿ ಉಜ್ಜಿ ತಗ್ಗಾಗಿವೆ.

“ಇಷ್ಟು ಗೀರಿಗೆ ಸಾವಿರಾರು ಡಾಲರ್ ಸುರಿಯೋದಾ ಮಾರಾಯ್ರೆ?” ಅಂದರು ಬೇಲಿಯಾಚೆಯಿಂದ.

ಗೀರು ಬಿಡಿ ಮೇಷ್ಟ್ರೆ, ಅಲ್ಲಿ ತೂತಿಗೂ ಮರ್ಯಾದೆ ಇದೆ. ವಿಲ್ಲಿ ನೆಲ್ಸನ್ ಅಂತ ಟೆಕ್ಸಾಸಿನ ಹಾಡುಗಾರ 1969ರಲ್ಲಿ ಕಣ್ಣಿಂದ ನೋಡದೆಯೇ 750 ಡಾಲರ್ ಕೊಟ್ಟು ಒಂದು ಮಾರ್ಟಿನ್ ತಗೊಂಡ. ಬೆರಳಲ್ಲಿ ಮೀಟಬೇಕಾದ ನೈಲಾನ್ ತಂತಿಯ ಗಿಟಾರು ಅದು. ಪಿಕ್ ತಾಗದ ಹಾಗೆ ಕಾಯುವ ಪಟ್ಟಿ ಇರುವುದಿಲ್ಲ. ಈ ಪುಣ್ಯಾತ್ಮ ಪಿಕ್ ಹಿಡಿದೇ ಬಾರಿಸಿದ. ಇರುವ ತೂತಿನ ಪಕ್ಕ ಇನ್ನೊಂದು ತೂತೇ ಬಿತ್ತು. ಟ್ರಿಗರ್ ಅಂತ ಅದಕ್ಕೆ ಹೆಸರೂ ಇದೆ. ರಾಕ್ ಹಾಡುಗಾರ ಕರ್ಟ್ ಕೊಬೇನ್ 1993ರಲ್ಲಿ ಟಿವಿಯಲ್ಲಿ ನುಡಿಸಿದ 1959ರ ಮಾರ್ಟಿನ್, 2020ರ ಹರಾಜಿನಲ್ಲಿ 60 ಲಕ್ಷ ಡಾಲರ್ ದಾಟಿತು. ಅದು ಗಿಟಾರಿನ ಬೆಲೆಯಲ್ಲ, ಸತ್ತವನ ಹೆಸರಿನ ಬೆಲೆ. ನಿಮ್ಮ ಹುಡುಗನಿಗೆ ಆ ಲೆಕ್ಕ ಬೇಡ.

ಆದರೆ ಬೆನ್ನಿನ ಮರ ನೋಡಿದಿರಾ? ಅದು ನಮ್ಮ ಬೀಟೆ.

“ಹೌದಾ!” ಅಂತ ಮೇಷ್ಟ್ರು ಕನ್ನಡಕ ಹಣೆಗೇರಿಸಿ ಮೊಬೈಲನ್ನು ಕಣ್ಣಿಗೇ ಒತ್ತಿಕೊಂಡರು.

ಮೊದಲೆಲ್ಲ ಡಿ-28ಕ್ಕೆ ಬ್ರೆಜಿಲ್‌ನ ರೋಸ್‌ವುಡ್ ಹಾಕುತ್ತಿದ್ದರು. ಅದು ಸಿಗುವುದು ಕಷ್ಟವಾಗಿ, 1969ರ ಕೊನೆಯ ಹೊತ್ತಿಗೆ ಕಂಪನಿ ಭಾರತದ ಬೀಟೆಗೆ ತಿರುಗಿತು. ಅದಕ್ಕೇ ಅಲ್ಲಿಯವರು ಸೀರಿಯಲ್ ನಂಬರ್ ನೋಡಿ ವರ್ಷ ಲೆಕ್ಕ ಹಾಕೋದು. 1968ರದ್ದಾದರೆ ಒಂದು ರೇಟು, 1972ರದ್ದಾದರೆ ಅದಕ್ಕಿಂತ ಎಷ್ಟೋ ಕಡಿಮೆ. ಕಣ್ಣು ಕಟ್ಟಿ ಕೂರಿಸಿದರೆ ಅವರಲ್ಲಿ ಎಷ್ಟು ಜನ ಎರಡನ್ನೂ ಬೇರೆ ಮಾಡಿ ಹೇಳಿಯಾರು ಅಂತ ನನಗಂತೂ ಗುಮಾನಿ. ಬ್ರೆಜಿಲ್ ಮರದ ಗಿಟಾರನ್ನು ದೇಶ ದಾಟಿಸಿ ಮಾರೋಕೆ 1992ರಿಂದ ಕಾಗದಪತ್ರದ ಕಾಟ. ಬೀಟೆಗೂ 2017ರಲ್ಲಿ ಆ ಕಾಟ ಅಂಟಿಕೊಂಡಿತ್ತು. ಸಿದ್ಧ ವಾದ್ಯಗಳಿಗೆ 2019ರಲ್ಲಿ ಬಿಟ್ಟುಕೊಟ್ಟರು.

“ಹಾಗಾದ್ರೆ ಹೂಂ ಅಂದುಬಿಡ್ಲಾ?”

ತಡೀರಿ. ಗೀರು ಕಣ್ಣಿಗೆ ಕಾಣುತ್ತೆ, ಅದರಿಂದ ಭಯವಿಲ್ಲ. ಮೋಸ ಇರೋದು ನೆಕ್‌ನಲ್ಲಿ. ಉಕ್ಕಿನ ಆರು ತಂತಿ ಸೇರಿ ಹಗಲೂ ರಾತ್ರಿ ಸುಮಾರು 70 ಕಿಲೋ ಭಾರದಷ್ಟು ಎಳೀತಾ ಇರ್ತವೆ. ಐವತ್ತು ವರ್ಷ ಎಳೆದರೆ ಯಾವ ನೆಕ್ ಮುಂದಕ್ಕೆ ವಾಲದೆ ಇರುತ್ತೆ? ಮಾರ್ಟಿನ್‌ನವರು ನೆಕ್ ಒಳಗೆ ತಿರುಗಿಸಿ ಸರಿಮಾಡುವ ಸರಳು ಹಾಕೋಕೆ ಶುರು ಮಾಡಿದ್ದೇ 1985ರಲ್ಲಿ. ಆ ಸರಳಿದ್ದರೂ ಬುಡದಲ್ಲಿ ವಾಲಿದ ನೆಕ್ ನೆಟ್ಟಗಾಗಲ್ಲ. ತಂತಿ ಫ್ರೆಟ್‌ನಿಂದ ಎತ್ತರಕ್ಕೆ ಏಳುತ್ತೆ, ಒತ್ತಿದವನ ಬೆರಳು ಬೊಬ್ಬೆ. ಮಾರುವವನು ತಂತಿ ಕಟ್ಟುವ ಕುದುರೆಯ ಮೇಲಿನ ಬಿಳೀ ಪಟ್ಟಿಯನ್ನು ಉಜ್ಜಿ ತಂತಿ ತಗ್ಗಿಸಿಟ್ಟಿರ್ತಾನೆ. ಆ ಪಟ್ಟಿ ಉಗುರಿನಷ್ಟೂ ಮೇಲೆ ಕಾಣದಿದ್ದರೆ ಹುಷಾರು. ಆಮೇಲೆ ರಿಪೇರಿಯವನು ಹದಿನೈದನೇ ಫ್ರೆಟ್ ಕಿತ್ತು, ಅಲ್ಲೊಂದು ಸಣ್ಣ ತೂತು ಕೊರೆದು, ಆವಿ ಬಿಟ್ಟು, ಅಂಟು ಸಡಿಲಿಸಿ ಇಡೀ ನೆಕ್ಕನ್ನೇ ಕಳಚಿ ಕೂರಿಸಬೇಕು. ನೂರಾರು ಡಾಲರಿನ ಕೆಲಸ. ಕುದುರೆಯ ಹಿಂದೆ ಒಂದು ಕಾಗದ ತೂರಿಸಿ ನೋಡೋಕೂ ಹೇಳಿ. ಒಳಗೆ ಹೋದರೆ ಅಂಟು ಬಿಟ್ಟಿದೆ ಅಂತ. ಇದೆಲ್ಲ ಫೋಟೋದಲ್ಲಿ ಗೊತ್ತಾಗಲ್ಲ, ಹೋಗಿ ಕೈಯಲ್ಲಿ ಹಿಡಿದೇ ನೋಡಬೇಕು.

ಮೇಷ್ಟ್ರು ಎಲ್ಲ ಕೇಳಿಸಿಕೊಂಡು, “ನಮ್ಮ ಅಟ್ಟದಲ್ಲಿ ಅಜ್ಜನ ಕಾಲದ ಬೀಟೆ ಮಂಚ ಇದೆ. ಆರು ಜನ ಬೇಕು ಎತ್ತೋಕೆ. ಗೀರೂ ಧಾರಾಳ ಇದೆ. ಮೊದಲು ಅದಕ್ಕೆ ಅಲ್ಲಿ ಏನು ರೇಟು ಕೊಡ್ತಾರೆ ಅಂತ ವಿಚಾರಿಸೋಕೆ ಹೇಳ್ತೀನಿ ಅವನಿಗೆ” ಅಂದರು.