ಅತ್ತಿ ಮುಂದೆ, ಅತ್ತಿಯ ದನಿ ಹಿಂದೆ

ಮೊನ್ನೆ ರಾತ್ರಿ ಹನ್ನೊಂದರ ತನಕ ನಮ್ಮನೆಯಿಂದ ಚೌಡಕಿ ಕೇಳಿಸಿತಲ್ಲ, ಅದರ ಕಥೆ ಹೇಳ್ತೀನಿ ಬರ್ರಿ ಅಕ್ಕಾರ. ನಮ್ಮ ಅತ್ತಿ ಎಲ್ಲಮ್ಮನ ಹಾಡು ಹಾಡೋದು ನಿಮಗೇನು ಹೊಸದಲ್ಲ. ಎಪ್ಪತ್ತು ದಾಟಿದರೂ ದನಿ ಗಟ್ಟಿ ಉಳಿದಿದೆ, ಹಿಡಿದಿಡೋಣ ಅಂತ ಲಿನಕ್ಸ್ ಲ್ಯಾಪ್‌ಟಾಪ್ ಮುಂದೆ ಕೂರಿಸಿದೆ. ಹೆಡ್‌ಫೋನ್ ಹಾಕಿಕೊಂಡು ಎರಡು ಸಾಲು ಹಾಡಿದವರೇ ತೆಗೆದು ಕೆಳಗಿಟ್ಟರು. "ಇದರಾಗ ಯಾರೋ ನನ್ನ ಅಣಕಸಾಕತ್ತಾರಪಾ" ಅಂದರು.

ಅಣಕಿಸಿದ್ದು ಅವರದೇ ದನಿ. ಚೂರು ತಡವಾಗಿ ಬರುತ್ತಿತ್ತು, ಅಷ್ಟೇ. ಹಾಡೋರಿಗೆ ಆ ಚೂರೇ ಭಾರ, ಹೌದಿಲ್ಲೋ? ಒಂದು ಕೈ ಚೌಡಕಿ ಮೀಟುತ್ತಿರುತ್ತದೆ, ಬಾಯಿ ಅದರ ಬೆನ್ನು ಹತ್ತಿ ಓಡುತ್ತಿರುತ್ತದೆ, ಕಿವಿಯೊಳಗೆ ಇನ್ನೊಬ್ಬಾಕೆ ಹೆಜ್ಜೆ ಹಿಂದೆ ಬಂದರೆ ತಾಳ ಎಲ್ಲಿ ನಿಲ್ಲಬೇಕು!

ಸಣ್ಣವನಿದ್ದಾಗಿನ ಭಾರತ ಹುಣ್ಣಿಮೆ ನೆನಪಾಯಿತು. ಎಲ್ಲಮ್ಮನ ಗುಡ್ಡದ ಮೇಲೆ ಚಕ್ಕಡಿ ಬಿಟ್ಟು, ಮೂರು ಕಲ್ಲಿನ ಒಲೆ ಹೂಡಿ, ಪಡ್ಡಲಗಿಗೆ ಕಡಬು ಬೇಯುವ ಹೊತ್ತು. ಹತ್ತಿರದ ಕಂಬದ ಮೈಕು "ಉಧೋ" ಅನ್ನುತ್ತಿತ್ತು, ಆಮೇಲೆ ದೂರದ ಕಂಬದಿಂದ ಅದೇ "ಉಧೋ". ಇಬ್ಬರು ಕೂಗ್ತಾರೆ ಅಂತಲೇ ನಂಬಿದ್ದೆ. ಗಾಳಿಯಲ್ಲಿ ದನಿ ಸೆಕೆಂಡಿಗೆ ಸುಮಾರು 340 ಮೀಟರ್ ನಡೆಯುತ್ತದೆ, ನೂರು ಮೀಟರ್ ಆಚಿನ ಮೈಕು ಕಾಲು ಸೆಕೆಂಡಿಗಿಂತ ಹೆಚ್ಚು ಹಿಂದೆ ಬೀಳುತ್ತದೆ ಅಂತ ತಿಳಿದದ್ದು ಶಾಲೆಗೆ ಹೋದ ಮೇಲೆ.

ಇರಲಿ, ಲ್ಯಾಪ್‌ಟಾಪಿಗೆ ಬರೋಣ. ಮೊದಲು ಕೊಟ್ಟಿದ್ದು ಬ್ಲೂಟೂತ್ ಹೆಡ್‌ಫೋನು. ತಡ ಅನ್ನೋದು ಅದರ ಹುಟ್ಟುಗುಣ. ವೈರಿನದು ಹಚ್ಚಿದ ಮೇಲೆ ಅಣಕ ಎಷ್ಟೋ ಇಳಿಯಿತು, ಪೂರಾ ಹೋಗಲಿಲ್ಲ. ಉಳಿದದ್ದು ಬಫರಿನದು. ಲಿನಕ್ಸಿನಲ್ಲಿ ಆಡಿಯೋ ನೋಡಿಕೊಳ್ಳುವ ಪೈಪ್‌ವೈರ್ ದನಿಯನ್ನು ಹನಿಹನಿಯಾಗಿ ಬಿಡೋದಿಲ್ಲ, ತಂಬಿಗೆ ತುಂಬಿದ ಮೇಲೇ ಸುರಿಯುತ್ತದೆ. ನನ್ನ ತಂಬಿಗೆ 1024 ಸ್ಯಾಂಪಲ್‌ದು. ಸೆಕೆಂಡಿಗೆ 48,000 ಬಂದರೆ ಅದು ತುಂಬಲು 21 ಮಿಲಿಸೆಕೆಂಡ್. ಒಳಗೆ ಬರೋದಕ್ಕೊಂದು, ಹೊರಗೆ ಹೋಗೋದಕ್ಕೊಂದು ಅಂದರೆ 40 ದಾಟಿತು. ಅತ್ತಿ ಹದಿನಾಲ್ಕು ಮೀಟರ್ ಆಚೆ, ಹೆಚ್ಚೂಕಡಿಮೆ ನಿಮ್ಮ ಹಿತ್ತಲಲ್ಲಿ ನಿಂತು ಹಾಡಿದ್ದನ್ನ ನಮ್ಮ ಪಡಸಾಲೆಯಲ್ಲಿ ಕೂತು ಕೇಳಿದ ಹಾಗೆ.

ಕ್ವಾಂಟಮ್, ಅಂದರೆ ತಂಬಿಗೆಯ ಅಳತೆ, 128ಕ್ಕೆ ಇಳಿಸಿದೆ. ತಡ ಮಾಯ, ಆದರೆ ಹಂಚಿನಲ್ಲಿ ಜೋಳ ಹುರಿದಂತೆ ಚಿಟಚಿಟ ಸುರುವಾಯಿತು. ತಂಬಿಗೆ ಸಣ್ಣದಾದರೆ ಪ್ರೊಸೆಸರ್ ಪದೇಪದೇ ಓಡಬೇಕಲ್ಲ, ಒಮ್ಮೆ ತಡವರಿಸಿದರೂ ದನಿಯಲ್ಲಿ ತೂತು. ಇದರ ಲೆಕ್ಕ ತೋರಿಸುವ ಪಿಡಬ್ಲ್ಯೂ-ಟಾಪ್ ತೆರೆದು 'ಇಆರ್‌ಆರ್' ಅನ್ನೋ ಕಾಲಂ ನೋಡುತ್ತ ಕೂತೆ. ಮೂರು, ಏಳು, ಹನ್ನೆರಡು... ಒಂದೊಂದು ಚಿಟಕಿಗೂ ಅಂಕಿ ಏರುತ್ತಿತ್ತು. ಆವತ್ತು ಕರೆಂಟ್ ಹೋಗಿ ಬ್ಯಾಟರಿ ಮೇಲೆ ನಡೆದಿತ್ತು, ಪವರ್ ಉಳಿಸಲು ಪ್ರೊಸೆಸರ್ ನಿಧಾನವಾಗಿತ್ತು. ಕರೆಂಟ್ ಬಂದ ಮೇಲೆ ಪರ್ಫಾರ್ಮನ್ಸ್‌ಗೆ ಹಾಕಿ, ಕ್ವಾಂಟಮ್ 256ಕ್ಕೆ ನಿಲ್ಲಿಸಿದೆ. ಒಂದು ತಂಬಿಗೆಗೆ ಐದು ಮಿಲಿಸೆಕೆಂಡ್ ಚಿಲ್ಲರೆ. ಅಂಕಿ ಹನ್ನೆರಡರಲ್ಲೇ ನಿಂತಿತು. ಅತ್ತಿ ಮತ್ತೆ ಹೆಡ್‌ಫೋನ್ ಹಾಕಿಕೊಂಡು, "ಈಗ ನಾನs ಅದೀನಿ" ಅಂದರು.

ಇನ್ನೊಂದು ಸೋಜಿಗ ಉಳಿದಿತ್ತು ನೋಡ್ರಿ. ಹಾಡಿದ್ದನ್ನ ಕೇಳಿಸಲು ಒತ್ತಿದಾಗೆಲ್ಲ ಮೊದಲು 'ಟಕ್' ಅಂತ ಒಂದು ಸದ್ದು. "ಅದು ಹೂಂ ಅಂತೈತೇನು?" ಅಂತ ಅತ್ತಿ ಕೇಳಿದರು. ಕೆಲಸವಿಲ್ಲದಾಗ ಸೌಂಡ್ ಕಾರ್ಡ್ ನಿದ್ದೆ ಹೋಗಿ, ಎಬ್ಬಿಸಿದಾಗ ಮುಲುಗುವ ಸದ್ದದು. ಡ್ರೈವರಿನ ಪವರ್-ಸೇವ್ ಸೊನ್ನೆ ಮಾಡಿದೆ, ನಿಂತಿತು.

ಲಿನಕ್ಸಿನಲ್ಲಿ ಮೊದಲೆಲ್ಲ ಹೀಗಿರಲಿಲ್ಲ. ರೆಕಾರ್ಡಿಂಗಿಗೆ ಜ್ಯಾಕ್ ಅನ್ನೋ ಸಾಫ್ಟ್‌ವೇರ್, ಉಳಿದದ್ದಕ್ಕೆ ಪಲ್ಸ್‌ಆಡಿಯೋ. ಒಂದು ಕಾರ್ಡ್ ಹಿಡಿದರೆ ಇನ್ನೊಂದು ಮೂಕ. ವಿಮ್ ಟೇಮನ್ಸ್ ಅವರ ಪೈಪ್‌ವೈರ್ ಎರಡನ್ನೂ ಒಂದೇ ಮನೆಯಲ್ಲಿ ಬಾಳಿಸಿತು. 2021ರಲ್ಲಿ ಫೆಡೋರಾ 34 ಅನ್ನೋ ಲಿನಕ್ಸ್ ಅದನ್ನೇ ಮೂಲ ವ್ಯವಸ್ಥೆ ಮಾಡಿಕೊಂಡಿತು. ಅದಿರದಿದ್ದರೆ ಅತ್ತಿಯನ್ನು ಅಷ್ಟು ಹೊತ್ತು ಕೂರಿಸಲು ನನಗಂತೂ ಮನಸ್ಸು ಬರುತ್ತಿರಲಿಲ್ಲ.

ಆವತ್ತು ನಾಲ್ಕು ಹಾಡು ಆದವು. ಇನ್ನೂ ಹತ್ತಿಪ್ಪತ್ತು ಅವರ ಬಾಯಲ್ಲಿವೆ. ನಾಳೆ ಸಂಜೆ ಮತ್ತೆ ಬರ್ತಾರೆ. ಅಕ್ಕಾರ, ಏಳರ ಮೇಲೆ ಒಂದು ತಾಸು ನಿಮ್ಮ ಬೋರಿನ ಮೋಟರ್ ಹಚ್ಚಬ್ಯಾಡ್ರಿ, ಆತೇನ್ರಿ? ಅದರ ಗುಂಯ್ ಅನ್ನೋದನ್ನ ತೆಗೆಯೋ ಸೆಟ್ಟಿಂಗ್ ನನಗಿನ್ನೂ ಸಿಕ್ಕಿಲ್ಲ.